ನೀಲಿ ಹೊಟ್ಟೆಯ ಇರುವೆ

ಕಾಡಿನಲ್ಲಿ ಮಲಗಿದವರ ಕನಸನ್ನು ಇರುವೆಗಳು ಹೊತ್ತೊಯ್ಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಟ್ಟಿರುವೆ ಒಯ್ಯುವುದು ಕೆಟ್ಟ ಕನಸನ್ನು, ಚಗಳಿ ಒಯ್ಯುವುದು ಮಕ್ಕಳ ಕನಸನ್ನು. ಇರುವೆಗಳ ಜಾತಿ ಗುರುತಿಸುವುದೇ ಚಂಪಾಳ ಕೆಲಸ. ಆದರೆ ಆ ಮಧ್ಯಾಹ್ನ ಮತ್ತಿಮರದ ಬುಡದಲ್ಲಿ ಕಂಡ ನೀಲಿ ಹೊಟ್ಟೆಯ ಇರುವೆ ಯಾವ ಜಾತಿಯದೆಂದು ಅವಳಿಗೂ ತಿಳಿಯಲಿಲ್ಲ.

ಜೊತೆಗೆ ಬಂದಿದ್ದ ಅಕ್ಕ ದೇವೀರಮ್ಮ ಅಲ್ಲೇ ನೆರಳಲ್ಲಿ ನಿದ್ದೆಹೋಗಿದ್ದಳು. ಮಗಳು ಕುಸುಮ ತೀರಿಕೊಂಡ ಮೇಲೆ ಅವಳಿಗೆ ಒಂದು ಕನಸೂ ಬಿದ್ದಿರಲಿಲ್ಲ. ಇರುವೆ ಅವಳ ರೆಪ್ಪೆಯ ಮೇಲೆ ಮೆಲ್ಲಗೆ ಹರಿದುಹೋಯಿತು. ಅಕ್ಕ ನಿದ್ದೆಯಲ್ಲೇ ನಕ್ಕಳು.

"ಕುಸುಮ ಬಂದಿದ್ಳು ಕಣೇ," ಎಂದಳು ಕಣ್ಣುಬಿಟ್ಟು. "ಜಡೆ ಹಾಕಿಸ್ಕೊಂಡು ಹೋದ್ಳು."

ಇದು ಒಯ್ಯುವ ಇರುವೆಯಲ್ಲ, ತರುವ ಇರುವೆ! ಹಿಡಿದು ಊರಿಗೆ ಒಯ್ದರೆ ನಾಳೆಯೇ ಜನ ಗೂಡು ಅಗೆಯಲು ಗುದ್ದಲಿ ಹಿಡಿದು ಬಂದಾರು. ಚಂಪಾ ಇರುವೆ ಹಿಡಿಯಲೆಂದು ತಂದಿದ್ದ ಸೀಸೆಯನ್ನು ಖಾಲಿಯಾಗಿಯೇ ಚೀಲಕ್ಕೆ ತುರುಕಿದಳು.

"ಇನ್ನೊಂಚೂರು ಮಲಕ್ಕೊ ಅಕ್ಕಾ," ಎಂದಳು. "ಬಿಸಿಲು ಇಳೀಲಿ."