ನಡುವಿನ ಬೋಲ್ಟು ಮೊದಲು

“ಸುಳ್ಳು! ಆ ಟಕ್ ಸುಳ್ಳು!” ಮೇಸ್ತ್ರಿ ಮಲಗಿದಲ್ಲಿಂದಲೇ ಕೂಗಿದರು. “ಎಣ್ಣೆ ಮುಟ್ಟಿಸಿಲ್ಲ ನೀನು. ಒಣ ಬೋಲ್ಟು ಅವಸರಕ್ಕೆ ಟಕ್ ಅನ್ನುತ್ತೆ, ಬಿಗಿ ಮಾತ್ರ ಬಂದಿರಲ್ಲ.”

ಗೋಡೆಯಾಚೆ ಶೆಡ್ಡಿನಲ್ಲಿ, ಬಿಗಿ ಸಾಕಾದಾಗ ಟಕ್ ಎನ್ನುವ ಟಾರ್ಕ್ ರೆಂಚಿನ ಸದ್ದು ನಿಂತಿತು. ಸ್ವಲ್ಪ ತಡೆದು ಕಿಂಡಿಯಿಂದ ಮಗಳ ದನಿ ಬಂತು.

“ಹಚ್ಚಿದೆ ಅಪ್ಪ. ಮತ್ತೆ ಶುರು ಮಾಡ್ತೀನಿ.”

“ನಡುವಿನ ಬೋಲ್ಟು ಮೊದಲು. ಆಮೇಲೆ ಆ ಕಡೆ ಈ ಕಡೆ.”

“ಗೊತ್ತಪ್ಪ.”

“ಗೊತ್ತಿದ್ದವಳು ಒಣ ಬೋಲ್ಟು ಹಾಕ್ತಿದ್ಳಾ?”

ಮೇಸ್ತ್ರಿಯ ಎದೆ ಕೈಕೊಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ಮನಸ್ಸಿಗೆ ಪೆಟ್ಟಾಗುವಂಥದ್ದೇನೂ ಕಿವಿಗೆ ಬೀಳಬಾರದು ಎಂದಿದ್ದರು. ಉಳಿದ ಆಯುಷ್ಯ ಎಷ್ಟೆಂದು ಕೇಳಿದ್ದಕ್ಕೆ ಮಾತು ಮರೆಸಿದ್ದರು. ಮೇಸ್ತ್ರಿಗೆ ಇದ್ದದ್ದು ಒಂದೇ ಆಸೆ. ಗುಜರಿಯಿಂದ ಮಗನೂ ತಾನೂ ಎಳೆದು ತಂದು ಜೀವ ಕೊಟ್ಟ ಹಳೇ ಕಾರಿನ ಇಂಜಿನ್ ಹೊಸದಾಗಬೇಕು. ಮಗ ಅದನ್ನು ಈ ಕಿಟಕಿಯ ಮುಂದೆ ಓಡಿಸಬೇಕು. ಆ ಸದ್ದು ಕೇಳಿ ಕಣ್ಣು ಮುಚ್ಚಬೇಕು.

“ತಮ್ಮ ಹೊರಗೂರಿನ ಕೆಲಸದಲ್ಲಿದಾನೆ ಅಪ್ಪ. ಇಂಜಿನ್ ಆದ ದಿನ ಬರ್ತಾನೆ” ಎಂದಿದ್ದಳು ಮಗಳು. ಆ ಇಂಜಿನ್ ಮಾತ್ರ ಮುಗಿಯುತ್ತಿರಲಿಲ್ಲ.

ಇಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ಕ್ರ್ಯಾಂಕನ್ನು ಹಿಡಿಯಲು ಐದು ಮೇನ್ ಬೇರಿಂಗ್, ಅವುಗಳ ಮೇಲೆ ಐದು ಕ್ಯಾಪ್, ಹತ್ತು ಬೋಲ್ಟು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಎಣ್ಣೆ ಹರಿಯಲು ಕೂದಲೆಳೆಯಷ್ಟು ಸಂದು ಬೇಕು. ಹೆಚ್ಚಾದರೆ ಇಂಜಿನ್ ಬಡಿದುಕೊಳ್ಳುತ್ತದೆ, ಕಮ್ಮಿಯಾದರೆ ಕಚ್ಚಿಕೊಳ್ಳುತ್ತದೆ. ಅಳೆಯುವುದಕ್ಕೆ ಮೇಣದ ಎಳೆಯೊಂದನ್ನು ಒಳಗಿಟ್ಟು, ಬೋಲ್ಟು ಬಿಗಿದು, ಮತ್ತೆ ಬಿಚ್ಚಿ ನೋಡಬೇಕು. ಎಳೆ ಚಪ್ಪಟೆಯಾಗಿ ಅಗಲವಾದಷ್ಟೂ ಸಂದು ಕಮ್ಮಿ.

“ಎಷ್ಟು ಬಂತು?”

“ಮೂರನೇದು ಅಗಲ ಆಗಿದೆ ಅಪ್ಪ. ಸಂದು ಸಾಲದು.”

“ಬಿಚ್ಚು. ಬೇರಿಂಗ್ ಹಿಂದೆ ಧೂಳು ಕೂತಿರಬೇಕು.”

ಮರುದಿನ ಎರಡನೆಯದು ಸಾಲದು. ಅದರ ಮರುದಿನ ಐದನೆಯದು. “ಬಿಚ್ಚು, ಇನ್ನೊಂದು ಸಲ” ಎನ್ನುವರು ಮೇಸ್ತ್ರಿ, ಬೇಸರವಿಲ್ಲದೆ. ಇದರ ಕಾಲುಭಾಗ ತಪ್ಪಿಗೆ ಮಗನ ಮೇಲೆ ಸ್ಪ್ಯಾನರ್ ಬೀಸಿದ ಆಸಾಮಿ ಇವರೇ! ಹಾಲಿನ ಲೋಟ ಹಿಡಿದು ಬಂದ ಮೇಸ್ತ್ರಿಯ ಅಕ್ಕನಿಗೆ ತಡೆಯಲಾಗಲಿಲ್ಲ.

“ನಿನ್ನ ಕೋಪ ಯಾವ ಸಂತೆಗೆ ಹೋಯ್ತೋ?”

“ಎದೆ ತಡ್ಕೋಬೇಕಲ್ಲ ಅಕ್ಕ.”

“ತಡ್ಕೊಳ್ಳುತ್ತೆ ಬಿಡು.”

“ಅವನಿದ್ದಿದ್ರೆ ಇಷ್ಟು ಹೊತ್ತಿಗೆ ಇಂಜಿನ್ ಎತ್ತಿ ಕೂರಿಸ್ತಿದ್ದ, ಅಲ್ವಾ?”

“ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎಂದು ಅಕ್ಕ ಲೋಟವನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು. ಹುಡುಗನ ಮಾತು ಬಂದಾಗಲೆಲ್ಲ ಆ ಮನೆಯಲ್ಲಿ ಹಾಲು ಉಕ್ಕುತ್ತಿತ್ತು. ನೋಡಲು ಬಂದ ನೆಂಟರಿಷ್ಟರನ್ನೂ ಅವರು ಹೊಸ್ತಿಲಲ್ಲೇ ಮಾತಾಡಿಸಿ, ಮಲಗಿದಾನೆ ಎಂದು ಸಾಗಹಾಕುತ್ತಿದ್ದರು.

ಸಂಜೆ ಮಗಳು ಬಂದು ಮಂಚದ ಅಂಚಿಗೆ ಕೂರುವಳು. ಮೇಸ್ತ್ರಿ ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡುವರು. ತಮ್ಮ ಉಗುರುಗಳ ಸಂದಿನಲ್ಲಿ ಜೀವಮಾನದ ಕಪ್ಪು ಇನ್ನೂ ಇತ್ತು. ಅವಳವು ಬೆಳ್ಳಗಿದ್ದವು.

“ಚೆನ್ನಾಗಿ ತೊಳ್ಕೊಂಡಿದೀಯ.”

“ಕಾಯಿಲೆ ಮನೆ ಅಪ್ಪ. ಅತ್ತೆ ಬೈತಾರೆ.”

“ಹೂಂ” ಎಂದರು ಮೇಸ್ತ್ರಿ. ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ. ಅವಳು ಇಂಜಿನ್ ನೆವ ಹೇಳಿ ಎದ್ದುಹೋದಳು.

ಇವತ್ತು ಬೆಳಗಿನಿಂದ ಮೇಸ್ತ್ರಿಯ ಉಸಿರು ತುಂಡು ತುಂಡಾಗಿ ಬರುತ್ತಿತ್ತು. ಆದರೂ ಕಿವಿ ಗೋಡೆಯ ಕಡೆಗೇ ಇತ್ತು. ಟಕ್. ಟಕ್. ಮೊದಲ ಸುತ್ತು ಸಡಿಲ, ಎರಡನೆಯದು ಗಟ್ಟಿ, ಮೂರನೆಯದು ಪೂರಾ ಬಿಗಿ. ಒಂದೊಂದು ಸುತ್ತಿನಲ್ಲೂ ಹತ್ತು ಟಕ್, ಒಂದೂ ತಪ್ಪಲಿಲ್ಲ. ಆಮೇಲೆ ಮೂಗೊರೆಸಿಕೊಂಡ ಸಣ್ಣ ಸದ್ದು.

“ಎಷ್ಟು ಬಂತು ಪುಟ್ಟಿ?”

“ನಾಲ್ಕನೇದು... ಸಾಲದು ಅಪ್ಪ.”

ಈ ಸಲ ಮೇಸ್ತ್ರಿ ಬಿಚ್ಚು ಎನ್ನಲಿಲ್ಲ.

ಮಗಳು ಗೋಡೆಗೆ ಹಣೆ ಒತ್ತಿ ಕಾದಳು. ಬೆನ್ನ ಹಿಂದೆ ಶೆಡ್ಡು ಖಾಲಿಯಾಗಿತ್ತು. ಮೇಜಿನ ವೈಸಿನ ದವಡೆಯಲ್ಲಿ ಸಿಕ್ಕಿಸಿದ ಒಂದು ಕಬ್ಬಿಣದ ಪಟ್ಟಿ, ಅದರಲ್ಲಿ ಒಂದೇ ಒಂದು ಬೋಲ್ಟು. ಇಂಜಿನ್ ಇನ್ನೂ ಕಾರಿನಲ್ಲೇ ಇತ್ತು. ಕಾರು ನಜ್ಜುಗುಜ್ಜಾಗಿ ಪೊಲೀಸ್ ಠಾಣೆಯ ಹಿತ್ತಲಲ್ಲಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಇದೇ ರಿಪೇರಿಗೆಂದು ಅದನ್ನು ಮನೆಗೆ ತರುತ್ತಿದ್ದ ತಮ್ಮನನ್ನು ಬಾಗಿಲು ಕತ್ತರಿಸಿ ಹೊರಗೆ ತೆಗೆದಿದ್ದರು. ಮಣ್ಣು ಮಾಡಿ ಬಂದ ಮೇಲೆ ಅವಳು ಟಾರ್ಕ್ ರೆಂಚ್ ಕೈಗೆತ್ತಿಕೊಂಡಿದ್ದಳು.

“ಆ ಒಂದು ಬೋಲ್ಟನ್ನ ಇನ್ನು ಬಿಟ್ಬಿಡು ಮಗಳೇ,” ಕಿಂಡಿಯಿಂದ ಅಪ್ಪನ ದನಿ ಬಂತು. “ಹತ್ತು ಬೋಲ್ಟು ಒಂದೇ ಜಾಗದಿಂದ ಟಕ್ ಅನ್ನಲ್ಲ, ಮೊದಲನೇ ದಿನಾನೇ ಗೊತ್ತಾಯ್ತು. ಇಂಜಿನ್ ಇಲ್ಲ ಅಂದ್ರೆ ಅದನ್ನ ತರಬೇಕಾದವನೂ ಇಲ್ಲ. ಕೈಗೊಂದು ಕೆಲಸ ಇದ್ರೆ ನೀನು ತಡ್ಕೋತೀಯ ಅಂತ ಬಿಚ್ಚು ಬಿಚ್ಚು ಅಂತಿದ್ದೆ. ಒಳಗೆ ಬಾ. ನಿನ್ನ ತಮ್ಮನಿಗೋಸ್ಕರ ಇಬ್ರೂ ಕೂತು ಅಳೋಣ.”