ಏಳನೇ ತಿರುವು

ಏಳನೇ ತಿರುವಿನಲ್ಲಿ ಆ ನೆರಳು ಕಾರು ಮತ್ತೆ ಮೇಷ್ಟ್ರನ್ನು ಹಿಂದೆ ಹಾಕಿತು. ಟಿವಿಯಲ್ಲಿ ಚಕ್ರಗಳೇ ಇಲ್ಲದ ಕಾರುಗಳು ಮೋಡಗಳ ನಡುವಿನ ರಸ್ತೆಯಲ್ಲಿ ಗಂಟೆಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ಹಾರುತ್ತಿದ್ದವು. ಈ ವಿಡಿಯೋ ಗೇಮಿನಲ್ಲಿ ದಾಖಲೆ ಮಾಡಿದವರ ಕಾರು ಆಮೇಲೆ ಆಡುವವರ ಜೊತೆ ನೆರಳಾಗಿ ಓಡುತ್ತದೆ. ಇಪ್ಪತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರಿಗೆ ಅದರ ಬೆನ್ನು ನೋಡಿ ನೋಡಿ ಹೊಟ್ಟೆ ಉರಿದುಹೋಗಿತ್ತು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿದ ಅಭ್ಯಾಸಕ್ಕೆ ಪ್ರತಿ ತಿರುವಿನಲ್ಲೂ ಅವರ ಕಾಲು ಬರೀ ನೆಲವನ್ನೇ ಒತ್ತುತ್ತಿತ್ತು.

"ನಾನಿಲ್ಲದಾಗ ನಿನ್ನ ತಮ್ಮ ಬಂದು ಆಡಿ ಹೋಗ್ತಾನಾ?" ಎಂದು ಬಟ್ಟೆ ಮಡಚುತ್ತಿದ್ದ ಹೆಂಡತಿಯನ್ನು ಕೇಳಿದರು. ಆಟ ತಂದುಕೊಟ್ಟವನು ಅವನೇ. "ಅವನ ಪೊಗರು ಇಳಿಸ್ತೀನಿ, ನೋಡ್ತಿರು."

"ಅವನು ಈ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಆ ನೆರಳು ನಂದು."

ಮೇಷ್ಟ್ರಿಗೆ ನಗು ಬಂತು. ಇವಳು ಅವರ ಹತ್ತಿರ ಕಾರು ಕಲಿಯಲು ಹೋಗಿ, "ನಿನ್ನ ಕೈಲಿ ಆಗಲ್ಲ ಬಿಡು" ಅನ್ನಿಸಿಕೊಂಡು ಮೂರೇ ದಿನಕ್ಕೆ ಕೆಳಗಿಳಿದವಳು. ಆಕೆ ಮಡಚಿದ ಟವೆಲನ್ನು ಅವರ ತೊಡೆಯ ಮೇಲಿಟ್ಟು, ಕೈಯಲ್ಲಿದ್ದ ಕಂಟ್ರೋಲರ್ ತೆಗೆದುಕೊಂಡಳು. ಏಳನೇ ತಿರುವಿಗೆ ಒಂಚೂರೂ ವೇಗ ತಗ್ಗಿಸದೆ ನುಗ್ಗಿದಳು. ಮೇಷ್ಟ್ರ ಕಾಲು ಧಡ್ ಎಂದು ನೆಲಕ್ಕೆ ಬಡಿಯಿತು. ಕಾರು ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿ ಜಾರಿ, ತನ್ನದೇ ನೆರಳನ್ನು ದಾಟಿ ಹೋಯಿತು.

"ಇಷ್ಟು ಚೆನ್ನಾಗಿ ಓಡಿಸೋಳಿಗೆ ಅವತ್ತೇನಾಗಿತ್ತು?" ಮೇಷ್ಟ್ರು ಸಿಡುಕಿದರು.

ಅವಳು ಇನ್ನೂ ನೆಲ ಒತ್ತಿಕೊಂಡೇ ಇದ್ದ ಅವರ ಪಾದವನ್ನು ನೋಡಿದಳು.

"ಅವತ್ತು ಆ ಕಾಲಿನ ಕೆಳಗೆ ಬ್ರೇಕ್ ಇತ್ತು ಕಣ್ರೀ."