ಹತ್ತು ವರ್ಷದಾಚೆಯ ಗಂಗವ್ವ

ಸ್ಯಾಂಡ್‌ವಿಚ್ ಅಂಗಡಿಯ ಫ್ರಾಂಚೈಸಿ ತೆಗೆದುಕೊಳ್ಳಬೇಕೋ ಬೇಡವೋ ಎಂದು ಕೇಳಲು ಹುಬ್ಬಳ್ಳಿಯ ಖಾನಾವಳಿ ಗಂಗವ್ವ, ಊರವರೆಲ್ಲ ಮಾಡುವಂತೆ, ಹತ್ತು ವರ್ಷ ಮುಂದಿನ ತನಗೇ ಫೋನ್ ಹಚ್ಚಿದಳು. ಪರದೆಯಲ್ಲಿ ಕಂಪನಿಯ ಹಸಿರು ಟೊಪ್ಪಿಗೆ ತೊಟ್ಟ ಮುದಿ ಗಂಗವ್ವ ಹಲ್ಲು ಕಿರಿದಳು.

“ಖಾನಾವಳಿ ಮಾರಿ ಸಹಿ ಮಾಡವ್ವಾ. ಭಾಳ ಛಲೋ ಧಂದೆ.”

“ಛಲೋ ಇದ್ದರ ನೀ ಯಾಕ ರೊಟ್ಟಿ ತಿನ್ನಾಕತ್ತೀ?”

ಮುದುಕಿ ರೊಟ್ಟಿಯನ್ನು ಸೆರಗಿನಲ್ಲಿ ಅಡಗಿಸಿದಳು. “ಆ ಸಪ್ಪನ ಬ್ರೆಡ್ಡು ನಾಯೀನೂ ಮೂಸಂಗಿಲ್ಲ. ಆದರ ಹೊಸಬರೊಬ್ಬರನ್ನ ಸೇರಿಸಿದರ ಕಂಪನಿ ಕರಾರಿನಿಂದ ನನ್ನ ಬಿಡತೈತಿ. ಬ್ಯಾರೆ ಯಾರೂ ನನ್ನ ಮಾತು ನಂಬಲಿಲ್ಲ.”

“ನಾಚಿಗಿ ಇಲ್ಲೇನ? ಅದನ್ನ ನನ್ನ ಕೊರಳಿಗೇ ಕಟ್ಟಾಕ ಬಂದೀ!” ಗಂಗವ್ವ ಪರದೆಗೆ ಥೂ ಎಂದು ಉಗಿದಳು.

“ಉಗುಳವ್ವಾ. ನಾನೂ ಉಗುಳಿದ್ದೆ,” ಎಂದಳು ಮುದುಕಿ. “ಆಮ್ಯಾಲ, ಎಷ್ಟಂದ್ರೂ ನಮ್ಮಾಕಿ, ಪಾಪ ಅಂತ ಸಹಿ ಮಾಡಿದೆ.”